ಶಾಸಕರ ಹೊಣೆ ದಿಲ್ಲಿಯಲ್ಲಿಲ್ಲ

ರಕ್ಷಣಾ ಬಜೆಟ್‌ಗೆ ದನಿಗೂಡಿಸಿದ ಶಾಸಕರು ಯೋಧರ ಕುಟುಂಬಗಳ ಋಣ ತೀರಿಸಿದಂತೆಯೇ ಎಂಬ ಪ್ರಕಟಿತ ವಾದವನ್ನು ಒಪ್ಪಲಾಗದು. 2025–26ರ ಸುಮಾರು 6.81 ಲಕ್ಷ ಕೋಟಿ ರೂಪಾಯಿಯ ಆ ಬಜೆಟ್‌ಗೆ ಒಪ್ಪಿಗೆ ಕೊಟ್ಟದ್ದು ಸಂಸತ್ತು. ದಾಂಡೇಲಿ, ಜೋಯಿಡಾಗಳನ್ನೂ ಪ್ರತಿನಿಧಿಸುವ ಹಳಿಯಾಳದ ಶಾಸಕರಿಗಾಗಲಿ, ಮುಂಡಗೋಡವನ್ನು ಒಳಗೊಂಡ ಯಲ್ಲಾಪುರ ಕ್ಷೇತ್ರದ ಶಾಸಕರಿಗಾಗಲಿ ಅಲ್ಲಿ ಮತವಿಲ್ಲ. ಆ ಬಜೆಟ್‌ನಲ್ಲಿ ಸುಮಾರು 1.60 ಲಕ್ಷ ಕೋಟಿ ಪಿಂಚಣಿಗೇ ಮೀಸಲಾಗಿತ್ತು, ಅದು ಕುಟುಂಬಗಳಿಗೇ ತಾನೆ ಎನ್ನಬಹುದು. ನಿಜ. ಆದರೆ ಮಾಜಿ ಸೈನಿಕರಿಗೆ ಜಮೀನು ಮಂಜೂರಾತಿ, ರಾಜ್ಯದ ನೌಕರಿಗಳಲ್ಲಿ ಮೀಸಲಾತಿ, ಸೈನಿಕ ಕಲ್ಯಾಣ ಇಲಾಖೆಯ ನೆರವು ಇವೆಲ್ಲ ರಾಜ್ಯ ಸರ್ಕಾರದ ಕೈಯಲ್ಲಿವೆ. ಬಹುಪಾಲು ಕಾಡೇ ಆಗಿರುವ ಜೋಯಿಡಾದಲ್ಲಿ ಮಂಜೂರು ಮಾಡಲು ಕಂದಾಯ ಭೂಮಿಯೇ ವಿರಳ. ಈ ಗಂಟು ಬಿಡಿಸಲು ಸರ್ಕಾರದ ಮೇಲೆ ಒತ್ತಡ ತರಬೇಕಾದವರು ಶಾಸಕರೇ. ಜಮೀನು ಕೋರಿದ ಮಾಜಿ ಸೈನಿಕರ ಬಾಕಿ ಅರ್ಜಿಗಳ ತಾಲ್ಲೂಕುವಾರು ಲೆಕ್ಕವನ್ನು ಅವರು ಮುಂದಿನ ಅಧಿವೇಶನದಲ್ಲೇ ಕೇಳಲಿ.