ಮುಯ್ಯಿಯ ಲೆಕ್ಕ

ದೂರದಲ್ಲಿರುವವನ ಮುಖವನ್ನು ಅಂಗೈಯಲ್ಲಿ ಕಾಣಬಲ್ಲವರಾದ ನಾವು ಅವನಿಗೆ ಹತ್ತಿರದವರೂ ಆಗಿರುವೆವೇ ಎಂದು ಹಾಸನ ಜಿಲ್ಲೆಯ ಹಳೇಕೋಟೆ ಸೀಮೆಯ ರೈತನನ್ನು ಕೇಳಿದರೆ, ಅವನು ಉತ್ತರಕ್ಕೆ ಮೊದಲು ತಾನೇ ಒಂದು ಪ್ರಶ್ನೆ ಕೇಳಿಯಾನು: ‘ನಿಮ್ಮಿಬ್ಬರ ನಡುವೆ ಮುಯ್ಯಿ ಐತಾ?’

ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ಮುಯ್ಯಾಳಿನ ಪದ್ಧತಿ ಈ ಕಡೆಯ ಹಳ್ಳಿಗಳಲ್ಲಿ ಒಂದಾದರೆ, ಮದುವೆಯಲ್ಲಿ ಮಾಡುವ ಹಣದ ಮುಯ್ಯಿ ಮತ್ತೊಂದು. ಚಪ್ಪರದ ಬಳಿ ಕುಳಿತ ನೆಂಟನೊಬ್ಬನು ಊರು, ಹೆಸರು, ಮೊತ್ತಗಳನ್ನು ಬರೆದಿಟ್ಟ ಪುಸ್ತಕವು ಮದುವೆ ಮುಗಿದ ಮೇಲೆ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಸೇರುತ್ತದೆ. ಹತ್ತು ವರ್ಷಗಳ ಬಳಿಕ ಆ ಊರಿನವರು ಲಗ್ನಪತ್ರಿಕೆ ಹಿಡಿದು ಬಂದಾಗ ಮನೆಯ ಹಿರಿಯಳು ಅದನ್ನು ಹೊರತೆಗೆಸಿ, ಮೊಮ್ಮಗಳಿಂದ ಓದಿಸಿ, ‘ನೂರೊಂದು ಮಾಡವ್ರೆ, ನಾವು ಅಷ್ಟೇ ಮಾಡುದ್ರೆ ಚೆಂದಾಗಿರಾಕಿಲ್ಲ’ ಎಂದು ಒಂದಿಷ್ಟನ್ನು ಮೇಲೆ ಸೇರಿಸುತ್ತಾಳೆ. ಆ ಮೇಲಿನ ಹಣವು ಎದುರು ಮನೆಯವರ ಪುಸ್ತಕದಲ್ಲಿ ಹೊಸ ಋಣವಾಗಿ ನಿಲ್ಲುವುದರಿಂದ ಲೆಕ್ಕವು ಎಂದೂ ಚುಕ್ತಾ ಆಗುವುದಿಲ್ಲ; ಚುಕ್ತಾ ಆಗದಿರುವುದರಿಂದಲೇ ಎರಡು ಮನೆಗಳು ತಲೆಮಾರುಗಳ ಕಾಲ ಒಂದನ್ನೊಂದು ಮರೆಯುವುದಿಲ್ಲ.

ಬಾಂಧವ್ಯವೆಂಬುದು ಸುದ್ದಿಯ ವಿನಿಮಯಕ್ಕಿಂತ ಹೆಚ್ಚಾಗಿ ಇಂಥ ತೀರದ ಋಣದಲ್ಲಿ ನೆಲೆಸಿದೆಯೆಂಬುದು ನನ್ನ ದೃಢವಾದ ನಂಬಿಕೆ. ಒಂದೇ ಶುಭಾಶಯದ ಚಿತ್ರವು ವಾಟ್ಸ್‌ಆ್ಯಪಿನಲ್ಲಿ ನೂರು ಜನರಿಗೆ ಏಕಕಾಲದಲ್ಲಿ ಹೋದಾಗ ಕಳುಹಿಸಿದವನಿಗೆ ಶ್ರಮವಿಲ್ಲ, ಪಡೆದವನ ಮೇಲೆ ಭಾರವಿಲ್ಲ. ಮರುಕ್ಷಣದಲ್ಲಿ ಕೈಮುಗಿದ ಚಿತ್ರವೊಂದು ಹಿಂದಿರುಗಿದರೆ ಅಲ್ಲಿಗೆ ಎಲ್ಲವೂ ಸಮವಾಯಿತು.

ಹಾಗೆಂದು ಯಂತ್ರವನ್ನು ದೂಷಿಸುವುದು ಕೃತಘ್ನತೆಯಾದೀತು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ನಿಂತುಹೋದ ತಂತಿಯು ಹಳ್ಳಿಯ ಮನೆಗೆ ಬಂತೆಂದರೆ, ಒಡೆದು ಓದುವುದಕ್ಕೆ ಮೊದಲೇ ಹೆಂಗಸರು ಅಳತೊಡಗುತ್ತಿದ್ದ ಕಾಲವನ್ನು ನೆನೆದವರಿಗೆ, ಪರದೇಶದ ಮೊಮ್ಮಗು ಹಲ್ಲಿಲ್ಲದ ಬಾಯಿ ತೆರೆದು ನಗುವುದನ್ನು ಅಜ್ಜಿಯು ಜಗಲಿಯ ಮೇಲೆ ಕುಳಿತು ನೋಡುವುದು ಅಲ್ಪಭಾಗ್ಯವೆನಿಸದು. ಆದರೆ ನೋಟವು ಮಾಡಲಾರದ ಕೆಲಸಗಳೂ ಉಂಟು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ಹೇಮಾವತಿಯ ಹಿನ್ನೀರು ಹಬ್ಬಿದ ಮೇಲೆ ಊರು ಬಿಟ್ಟವರಲ್ಲಿ ಶೆಟ್ಟಿಹಳ್ಳಿಯವರೂ ಸೇರಿದ್ದರು. ಅವರ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ಇಂದಿಗೂ ನೀರಿನಲ್ಲಿ ನಿಲ್ಲುತ್ತವೆ. ಹೀಗೆ ಚದುರಿದವರನ್ನು ಮಾತಿನಲ್ಲಿ ಒಟ್ಟುಗೂಡಿಸಲು ಫೋನಿಗೆ ಸಾಧ್ಯ. ಪಕ್ಕದ ಹೊಲದವನು ಎತ್ತು ಹೊಡೆದುಕೊಂಡು ಬರುತ್ತಿದ್ದ ಆ ನೆರೆಹೊರೆಯನ್ನು ಹಿಂದಕ್ಕೆ ತರಲು ಅದಕ್ಕೆ ಸಾಧ್ಯವಿಲ್ಲ.

ಆದುದರಿಂದ ನಾನು ಕೇಳುವುದಿಷ್ಟೆ: ಈ ಕರೆಯ ಹಿಂದೆ ಕಾಲು ನಡೆಯುವುದೋ ಇಲ್ಲವೋ? ಆಲೂಗಡ್ಡೆ ಬಿತ್ತನೆಯ ಕಾಲಕ್ಕೆ ಹಾಸನದ ಮಾರುಕಟ್ಟೆಯಲ್ಲಿ ಜಲಂಧರದ ಬಿತ್ತನೆಗಡ್ಡೆಯ ಧಾರಣೆಯನ್ನು ವಿಚಾರಿಸುವ ಫೋನಿನಲ್ಲೇ ಹುಡುಗನೊಬ್ಬನು ರಾತ್ರಿ ನಾಲ್ಕು ಮನೆಗಳಿಗೆ ‘ನಾಳೆ ನಮ್ಮದು’ ಎಂದು ಹೇಳಿ ಮಲಗುತ್ತಾನೆ. ಬೆಳಗಿನ ಮಂಜು ಇನ್ನೂ ಕರಗಿರುವುದಿಲ್ಲ; ಆ ನಾಲ್ಕು ಮನೆಯ ಹೆಂಗಸರು ಅವನ ಹೊಲದ ಬದುವಿನ ಮೇಲೆ ಕುಳಿತು, ಕುಡುಗೋಲನ್ನು ಕಾಲಡಿ ಒತ್ತಿ ಹಿಡಿದು, ಒಂದೊಂದು ಹೋಳಿಗೂ ಕಣ್ಣು ಉಳಿಯುವಂತೆ ಗಡ್ಡೆ ಕೊಯ್ಯತೊಡಗಿರುತ್ತಾರೆ. ಅವರ ಫೋನುಗಳು ಬುತ್ತಿಯ ಗಂಟಿನೊಳಗೆ ಸುಮ್ಮನಿರುತ್ತವೆ.