ಯಂತ್ರ ಕೊಟ್ಟರೆ ಸಾಲದು

ಗುಲಾಬಿ ಸೀರೆಯುಟ್ಟು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಅರಿಯದವರಿಲ್ಲ. ಬಸುರಿಯ ಹೆಸರನ್ನು ಮೊದಲು ಬರೆದುಕೊಳ್ಳುವವರು ಈಕೆ. ಆಸ್ಪತ್ರೆಯಿಂದ ಹಿಂತಿರುಗಿದ ಬಾಣಂತಿಯ ಮನೆಗೆ 42 ದಿನಗಳೊಳಗೆ ಆರು ಸಲ ಹೋಗಿ ಕೂಸಿನ ಯೋಗಕ್ಷೇಮ ನೋಡುವವರೂ ಈಕೆಯೇ. ಅದೇ ಊರಿನ ಅಂಗನವಾಡಿಯಲ್ಲಿ ಇನ್ನೊಬ್ಬ ಹೆಣ್ಣುಮಗಳು ಮಕ್ಕಳನ್ನು ತೂಗಿ, ಉಣಿಸಿ, ಅಕ್ಷರ ಕಲಿಸುತ್ತಾರೆ. ಇಬ್ಬರ ಕೆಲಸವೂ ಈಗ ಮೊಬೈಲ್ ಫೋನಿಗೆ ಬಂದಿದೆ. ನೋಡಿದ್ದು, ತೂಗಿದ್ದು, ಕೊಟ್ಟದ್ದು ಎಲ್ಲವೂ ದಾಖಲಾಗಬೇಕೆಂಬುದು ಆಜ್ಞೆ. ಇದನ್ನು ಅವರಿಗೆ ಕಲಿಸುವ ಹೊಣೆ ಯಾರದು? ತಪ್ಪಾದರೆ ನಷ್ಟ ಯಾರದು?

ನಾವು ಯಂತ್ರದ ವಿರೋಧಿಗಳಲ್ಲ. ಸರಿಯಾದ ಲೆಕ್ಕ ಜೀವ ಉಳಿಸುತ್ತದೆಂಬುದನ್ನು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. 2023ರ ನವೆಂಬರಿನಲ್ಲಿ ನಮ್ಮದೇ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣ ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಮನೆಯಲ್ಲಿ ಹೆಣ್ಣು ಕೂಸುಗಳಿಗೆ ಮರಣಶಾಸನ ಬರೆಯಲಾಗುತ್ತಿತ್ತು. ಇದನ್ನು ತಡೆಯಲು 1994ರ ಕಾನೂನು ಇದ್ದೇ ಇದೆ. ಆದರೆ ಮೂರನೆಯ ತಿಂಗಳಲ್ಲಿ ದಾಖಲಾದ ಬಸಿರು ಐದನೆಯ ತಿಂಗಳಲ್ಲಿ ಇಲ್ಲವಾದರೆ ಅದನ್ನು ಮೊದಲು ಕಾಣುವ ಕಣ್ಣು ಊರಿನ ಆಶಾ ಕಾರ್ಯಕರ್ತೆಯದು. ಅವರು ಬರೆದದ್ದು ಕಾಲಕ್ಕೆ ಸರಿಯಾಗಿ, ಸತ್ಯವಾಗಿ ಮೇಲಕ್ಕೆ ತಲುಪಿದರೆ ಮಾತ್ರ ಅಧಿಕಾರಿ ಎಚ್ಚೆತ್ತು ವಿಚಾರಿಸಬಲ್ಲ.

ಈಗ ನಡೆಯುತ್ತಿರುವುದೇನು? ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಅವರ ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ಆರ್.ಸಿ.ಎಚ್. ಪೋರ್ಟಲಿನ ದಾಖಲೆಗೆ ಗಂಟು ಹಾಕಲಾಯಿತು. ಕಾಲು ಸವೆಸಿ ಮಾಡಿದ ಕೆಲಸ ಗಣಕದಲ್ಲಿ ಮೂಡದಿದ್ದರೆ ಹಣವಿಲ್ಲ. ಈ ಗಂಟನ್ನು ಬಿಚ್ಚಿರೆಂಬುದು 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಮಲಗಿ ಹೋರಾಡಿದವರ ಬೇಡಿಕೆಗಳಲ್ಲೊಂದು. ತಿಂಗಳಿಗೆ 10,000 ರೂಪಾಯಿ ಖಾತರಿಯೆಂಬ ಮುಖ್ಯಮಂತ್ರಿಗಳ ಭರವಸೆಯ ಮೇಲೆ ಅವರು ಮನೆಗೆ ಮರಳಿದರು; ಆಗಸ್ಟಿನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು.

ಅಂಗನವಾಡಿಯ ಕತೆಯೂ ಬೇರೆಯಲ್ಲ. 1975ರ ಅಕ್ಟೋಬರ್ 2ರಂದು ಈ ಯೋಜನೆ ರಾಜ್ಯದಲ್ಲಿ ಆರಂಭವಾದದ್ದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರದಲ್ಲಿ. ಅಂದು ತಕ್ಕಡಿ ಮತ್ತು ರಿಜಿಸ್ಟರು ಸಾಕಾಗಿದ್ದವು. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೆ ತಾಯಿಯ ಮುಖವನ್ನು ಫೋನಿನಲ್ಲಿ ಹೊಂದಿಸಿ ನೋಡುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಊರಿನಲ್ಲಿ ಯಂತ್ರ ಮುಖ ಗುರುತಿಸಲಿಲ್ಲವೆಂದರೆ ಹಸಿದ ತಾಯಿ ಬೈಯುವುದು ದೆಹಲಿಯನ್ನಲ್ಲ, ಎದುರಿಗಿರುವ ಕಾರ್ಯಕರ್ತೆಯನ್ನು. ಮಹಾರಾಷ್ಟ್ರದಲ್ಲಿ 2021ರಲ್ಲಿ ಇಂಥ ತೊಂದರೆಗಳಿಂದ ಬೇಸತ್ತ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ಫೋನುಗಳನ್ನೇ ಹಿಂದಿರುಗಿಸಿದರು.

“ಇವರಿಗೆ ತಿಳಿವಳಿಕೆ ಸಾಲದು” ಎಂದು ಗೊಣಗುವವರಿದ್ದಾರೆ. ಮದ್ದೂರಿನ ಎಳನೀರು ವ್ಯಾಪಾರಿಯನ್ನು ಅವರು ನೋಡಲಿ. ಯಾವ ತರಬೇತಿ ಶಿಬಿರವೂ ಇಲ್ಲದೆ ಆತ ಫೋನಿನ ವ್ಯವಹಾರ ಕಲಿತ. ಅಂಗಡಿಯ ಪೆಟ್ಟಿಗೆ ಕನ್ನಡದಲ್ಲೇ “ಹಣ ಬಂತು” ಎನ್ನುತ್ತದೆ. ತಿಳಿಯದಿದ್ದರೆ ಪಕ್ಕದ ಅಂಗಡಿಯವ ಹೇಳಿಕೊಡುತ್ತಾನೆ. ಕಲಿತ ಲಾಭ ಕಲಿತವನಿಗೇ ಸಿಗುತ್ತದೆ. ಈ ಮೂರೂ ಇದ್ದರೆ ಆಶಾ ಕಾರ್ಯಕರ್ತೆ ಕಲಿಯದಿರುವರೇ? ಇನ್ನು ಸಕ್ಕರೆ ಕಾರ್ಖಾನೆಯ ಕಾರ್ಮಿಕರನ್ನು ಕೇಳುತ್ತೇವೆ: ಹೊಸ ಯಂತ್ರ ಬಂದಾಗ ಅದನ್ನು ನಿಮ್ಮ ಖರ್ಚಿನಲ್ಲಿ ಕೊಂಡು, ರಾತ್ರಿ ಮನೆಯಲ್ಲಿ ಕಲಿತು ಬನ್ನಿ, ಕೆಟ್ಟರೆ ಕೂಲಿ ಮುರಿಯುತ್ತೇವೆ ಎಂದರೆ ನಿಮ್ಮ ಸಂಘ ಸುಮ್ಮನಿರುತ್ತದೆಯೇ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ತರಬೇತಿ ಕನ್ನಡದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಹತ್ತು ಹನ್ನೆರಡು ಜನರ ಗುಂಪಿನಲ್ಲಿ ನಡೆಯಲಿ. ಒಂದು ದಿನದ ಭಾಷಣವಾಗದೆ ತಿಂಗಳು ತಿಂಗಳೂ ಮುಂದುವರಿಯಲಿ. ಕಲಿಯುವ ದಿನಕ್ಕೆ ಭತ್ಯವೂ ಬಸ್ಸಿನ ಖರ್ಚೂ ಸಿಗಲಿ. ಚೆನ್ನಾಗಿ ಕಲಿತ ಕಾರ್ಯಕರ್ತೆಯನ್ನೇ ಉಳಿದವರಿಗೆ ಗುರುವನ್ನಾಗಿ ನೇಮಿಸಿ ಗೌರವಧನ ಕೊಡಲಿ. ಕೆಲಸಕ್ಕೆ ತಕ್ಕ ಫೋನು, ಇಂಟರ್ನೆಟ್ ಖರ್ಚು ಸರ್ಕಾರದ್ದಾಗಲಿ. ಫೋನಿನಲ್ಲಿ ಬರೆದದ್ದನ್ನೇ ಮತ್ತೆ ಪುಸ್ತಕದಲ್ಲಿ ಬರೆಸುವ ದುಪ್ಪಟ್ಟು ದುಡಿಮೆ ನಿಲ್ಲಲಿ. ತನ್ನ ಹೆಸರಿನಲ್ಲಿ ಏನು ದಾಖಲಾಗಿದೆಯೆಂದು ನೋಡಿ ತಿದ್ದಿಸುವ ಹಕ್ಕು ಆಕೆಗಿರಲಿ. ಯಂತ್ರದ ದೋಷಕ್ಕೆ ಒಂದು ಕಾಸೂ ಕಡಿತವಾಗದಿರಲಿ. ಕೂಲಿ ಹೋಗುವ ಭಯದಲ್ಲಿ ನಡುರಾತ್ರಿ ತುಂಬಿದ ಲೆಕ್ಕ ಯಾವ ಕೂಸನ್ನೂ ಕಾಯಲಾರದು.

ಇನ್ನೊಂದು ಮಾತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಸುತ್ತಲ ಹಳ್ಳಿಗಳು ಕಾದವು. ನಮ್ಮ ಬಸುರಿಯರ, ಮಕ್ಕಳ ಅಂಕಿ ಅಂಶಗಳೂ ಹಾಗೆ ದೆಹಲಿ, ಬೆಂಗಳೂರುಗಳ ಕಚೇರಿಯನ್ನು ಮಾತ್ರ ಬೆಳಗಬಾರದು. ಈ ತಿಂಗಳು ಯಾರಿಗೆ ರಕ್ತಹೀನತೆ, ಯಾರ ಹೆರಿಗೆ ಹತ್ತಿರ, ಯಾವ ಮಗು ತೂಕ ಕಳೆದುಕೊಂಡಿದೆ ಎಂಬ ಪಟ್ಟಿ ಅದೇ ಫೋನಿಗೆ, ಕನ್ನಡದಲ್ಲಿ, ಕಾರ್ಯಕರ್ತೆಗೆ ಹಿಂದಿರುಗಿ ಬರಬೇಕು. ಆಗ ಫೋನು ಅವರಿಗೆ ಹೊರೆಯೆನಿಸದು.

ಜಿಲ್ಲಾ ಪಂಚಾಯಿತಿಯ ಮತ್ತು ಆರೋಗ್ಯ ಇಲಾಖೆಯ ಅಧಿಕಾರಿಗಳು ಈ ಮೂರು ತಾಲ್ಲೂಕುಗಳಿಂದಲೇ ಕೆಲಸ ಆರಂಭಿಸಲಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಗಳಿಗೆ ತಮ್ಮ ಸಹಿ ಸೇರಿಸಬೇಕೆಂದು ಕೋರುತ್ತೇವೆ. ಆಶಾ ಕಾರ್ಯಕರ್ತೆ ಆರು ಸಲ ಬಂದು ನೋಡುವ ಕೂಸು ನಮ್ಮ ಮನೆಗಳದೇ.