ಹೃದಯಾಘಾತದ ಚಿಕಿತ್ಸೆಗೆ ತರ್ಕವೊಂದೇ ಸಾಲದು

ಹೃದಯಾಘಾತಕ್ಕೆ ಸ್ಟೆಂಟ್ ಕೂರಿಸುವಾಗ ವೈದ್ಯರನ್ನು ಕಾಡುವ ಆತಂಕವೊಂದಿದೆ. ನಾಳವನ್ನು ಮುಚ್ಚಿರುವ ಹೆಪ್ಪುಗಟ್ಟಿದ ರಕ್ತದ ಚೂರುಗಳು ಮುಂದಕ್ಕೆ ಜಾರಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಹಾಗಾದರೆ ಸ್ಟೆಂಟಿಗೆ ಮೊದಲು ತೆಳುವಾದ ಕೊಳವೆ ಇಳಿಸಿ, ಸಿರಿಂಜಿನಿಂದ ಹೆಪ್ಪನ್ನೇ ಹೀರಿ ತೆಗೆಯಬಾರದೇಕೆ? ಹೀರಿ ತೆಗೆದ ರಕ್ತವನ್ನು ಸೋಸಿದರೆ ಜಾಲರಿಯ ಮೇಲೆ ಕೆಂಪು ಚೂರುಗಳು ಕಣ್ಣಿಗೇ ಕಾಣುತ್ತವೆ. ಇಷ್ಟು ಸರಳವಾದ ತರ್ಕವನ್ನು ಅನುಮಾನಿಸುವುದು ಕಷ್ಟ. 2008ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 1,071 ರೋಗಿಗಳನ್ನು ಒಳಗೊಂಡ 'ಟಪಾಸ್' ಅಧ್ಯಯನ ಈ ತರ್ಕಕ್ಕೆ ಬಲ ತುಂಬಿತು. ಒಂದು ವರ್ಷದೊಳಗೆ ತೀರಿಕೊಂಡವರು ಹೀರುವ ಚಿಕಿತ್ಸೆ ಪಡೆದವರಲ್ಲಿ ಶೇ 4.7, ಉಳಿದವರಲ್ಲಿ ಶೇ 7.6. ಮುಖ್ಯವಾಗಿ ಸಾವಿನ ಪ್ರಮಾಣ ಅಳೆಯಲೆಂದು ರೂಪಿಸಿದ ಅಧ್ಯಯನ ಅದಾಗಿರಲಿಲ್ಲ. ಆದರೂ ಚಿಕಿತ್ಸಾ ಮಾರ್ಗಸೂಚಿಗಳಲ್ಲಿ ಈ ವಿಧಾನಕ್ಕೆ ಜಾಗ ಸಿಕ್ಕಿತು.

ಮುಂದಿನ ಎರಡು ದೊಡ್ಡ ಅಧ್ಯಯನಗಳು ಚಿತ್ರವನ್ನೇ ಬದಲಿಸಿದವು. 2013ರಲ್ಲಿ ಪ್ರಕಟವಾದ, ಸ್ವೀಡನ್ ನೇತೃತ್ವದ 'ಟೇಸ್ಟ್' ಅಧ್ಯಯನದಲ್ಲಿ 7,244 ರೋಗಿಗಳಿದ್ದರು. 30 ದಿನಗಳಲ್ಲಿ ಮೃತಪಟ್ಟವರು ಒಂದು ಗುಂಪಿನಲ್ಲಿ ಶೇ 2.8, ಇನ್ನೊಂದರಲ್ಲಿ ಶೇ 3.0, ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇರಲಿಲ್ಲ. 2015ರಲ್ಲಿ 10,732 ರೋಗಿಗಳ 'ಟೋಟಲ್' ಅಧ್ಯಯನವೂ ಲಾಭ ಕಾಣಲಿಲ್ಲ. ಬದಲಿಗೆ 30 ದಿನಗಳೊಳಗೆ ಪಾರ್ಶ್ವವಾಯುವಿಗೆ ತುತ್ತಾದವರು ಹೀರುವ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ 0.7, ಉಳಿದವರಲ್ಲಿ ಶೇ 0.3. ಎಲ್ಲರಿಗೂ ವಾಡಿಕೆಯಾಗಿ ಹೀಗೆ ಮಾಡುವುದು ಬೇಡವೆಂದು ಮಾರ್ಗಸೂಚಿಗಳು ತಿದ್ದಿಕೊಂಡವು. ಚಿಕಿತ್ಸೆಯ ತರ್ಕ ಎಷ್ಟೇ ಚೆನ್ನಾಗಿರಲಿ, ದೊಡ್ಡ ಸಂಖ್ಯೆಯ ರೋಗಿಗಳಲ್ಲಿ ಒರೆಗೆ ಹಚ್ಚದೆ ಅದನ್ನು ನಂಬಬಾರದು.

ಜೀವ ಹೋಗುವ ಹೊತ್ತಿನಲ್ಲಿ ರೋಗಿಯನ್ನು ಪ್ರಯೋಗಪಶು ಮಾಡಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಎದೆನೋವಿನಲ್ಲಿ ನರಳುವವರ ಮುಂದೆ ಹತ್ತು ಪುಟದ ಒಪ್ಪಿಗೆ ಪತ್ರ ಹಿಡಿಯುವುದು ಸಲ್ಲದು. 'ಟೇಸ್ಟ್' ಅಧ್ಯಯನ ಮೊದಲು ಬಾಯಿಮಾತಿನ ಒಪ್ಪಿಗೆ ಪಡೆದು, ಬಳಿಕ ಲಿಖಿತವಾಗಿ ಖಚಿತಪಡಿಸಿಕೊಂಡಿತು. ಯಾವುದು ಮೇಲೆಂದು ನಿಜಕ್ಕೂ ಗೊತ್ತಿಲ್ಲದಾಗ ರೋಗಿಗಳನ್ನು ಎರಡು ಗುಂಪಾಗಿ ಹಂಚಿ ಫಲಿತಾಂಶ ಬರೆದಿಡುವುದು ಪ್ರಾಮಾಣಿಕ ದಾರಿ. ಒರೆಗೆ ಹಚ್ಚದ ಚಿಕಿತ್ಸೆಯನ್ನು ಎಲ್ಲರಿಗೂ ಕೊಡುವುದೂ ಪ್ರಯೋಗವೇ. ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ ಅಷ್ಟೆ.

ಇದೆಲ್ಲ ಸಿರಿವಂತ ದೇಶಗಳಿಗೆ ಸರಿ, ನಮಗೆಲ್ಲಿಯ ದುಡ್ಡು ಎನ್ನುವವರಿದ್ದಾರೆ. 'ಟೇಸ್ಟ್'ಗೆ ಹೆಚ್ಚುವರಿಯಾಗಿ ತಗುಲಿದ್ದು ಸುಮಾರು 3 ಲಕ್ಷ ಡಾಲರ್, ತಲಾ 50 ಡಾಲರಿನ ಆಸುಪಾಸು. ಆಸ್ಪತ್ರೆಗಳು ದಿನನಿತ್ಯ ತುಂಬುತ್ತಿದ್ದ ರಾಷ್ಟ್ರೀಯ ದಾಖಲೆಯೊಳಗೇ ಅಧ್ಯಯನವನ್ನು ಹೆಣೆದಿದ್ದರಿಂದ ಖರ್ಚು ಇಳಿಯಿತು. ಅಂಥ ಅಧ್ಯಯನಕ್ಕೆ ನಮ್ಮಲ್ಲೂ ನೆಲೆಯಿದೆ: ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಕೇಂದ್ರದ ತಜ್ಞರಿಗೆ ತಲುಪುತ್ತದೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಇದೇ ಮದ್ದಿನ 'ಸ್ಟ್ರೀಮ್' ಅಧ್ಯಯನದಲ್ಲಿ ಮಿದುಳಿನ ರಕ್ತಸ್ರಾವ ಕಂಡು, 75 ವರ್ಷ ದಾಟಿದವರಿಗೆ ಡೋಸನ್ನು ನಡುವೆಯೇ ಅರ್ಧಕ್ಕೆ ಇಳಿಸಬೇಕಾಯಿತು. ಹಾಗಾದರೆ ನಮ್ಮ 60ರಿಂದ 75ರ ನಡುವಿನ ರೋಗಿಗಳಿಗೆ ಪೂರ್ಣ ಡೋಸ್ ಒಳ್ಳೆಯದೋ, ಅರ್ಧ ಡೋಸೋ? ಉತ್ತರ ನಮ್ಮ ಆಸ್ಪತ್ರೆಗಳಿಂದಲೇ ಬರಬೇಕು. ಯೋಜನೆಯ ದಾಖಲೆಗಳನ್ನು ಒಂದೇ ಮಾದರಿಗೆ ತಂದು, ನೈತಿಕ ಸಮಿತಿಗಳ ನಿಗಾದಲ್ಲಿ ಇಂಥ ಅಧ್ಯಯನ ನಡೆಸುವ ಹೊಣೆಯನ್ನು ಸರ್ಕಾರ ಈಗಲೇ ಹೊರಬೇಕು.